ಅಧಿವಕ್ತೃ ಪದವಿ: ಕೆನರಾ ಕರಾವಳಿಯಲ್ಲಿ ಅಡ್ವೊಕೇಟ್ ಜನರಲ್ ಅಧಿಕಾರದ ಚರಿತ್ರೆ

ಶ್ರೀರುದ್ರದ ಪ್ರಥಮಾನುವಾಕದಲ್ಲಿ ಪರಮೇಶ್ವರನಿಗೆ 'ಅಧಿವಕ್ತಾ' ಎಂಬ ವಿಶೇಷಣವಿರುವುದು ವೇದಾಧ್ಯಾಯಿಗಳಿಗೆ ಅವಿದಿತವಲ್ಲ. ಕುಂದಾಪುರದ ಉತ್ತರಕ್ಕಿರುವ ಕಿರಿಮಂಜೇಶ್ವರದ ಅಗಸ್ತ್ಯೇಶ್ವರ ದೇವಾಲಯ ಮೊದಲಾಗಿ ನಮ್ಮ ಕರಾವಳಿಯ ಶಿವಾಲಯಗಳಲ್ಲಿ ರುದ್ರಾಭಿಷೇಕವು ನಡೆಯುವಾಗಲೆಲ್ಲ ಈ ಶಬ್ದವು ಕಿವಿಗೆ ಬೀಳುತ್ತದೆ. 'ಅಧಿ' ಎಂಬ ಉಪಸರ್ಗದೊಡನೆ ಕೂಡಿದ 'ವಚ್' ಧಾತುವಿಗೆ ಒಬ್ಬನ ಪಕ್ಷವನ್ನು ಹಿಡಿದು ಮಾತನಾಡುವುದು ಎಂಬರ್ಥವು ವೈದಿಕ ಪ್ರಯೋಗಗಳಿಂದ ಸಿದ್ಧವಾಗುತ್ತದೆ. ಹಿಂದೀ ಭಾಷೆಯ ರಾಜ್ಯಗಳಲ್ಲಿ ಅಡ್ವೊಕೇಟ್ ಜನರಲ್ ಎಂಬ ಅಧಿಕಾರಿಯನ್ನು 'ಮಹಾಧಿವಕ್ತಾ' ಎಂದು ಕರೆಯುವುದು ಇದೇ ಧಾತುವಿನಿಂದ. ಕನ್ನಡಿಗರು ವ್ಯವಹಾರದಲ್ಲಿ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಹೆಸರು ಯಾವುದಾದರೂ ಆಗಲಿ. ಆತನು ಹಿಡಿಯತಕ್ಕ ಪಕ್ಷವು ಯಾರದು? ತನ್ನನ್ನು ನೇಮಿಸಿದ ಸರಕಾರದ್ದೋ, ತಮಗಾಗಿ ತಾವೇ ಮಾತನಾಡಲಾರದವರದೋ? ನಮ್ಮ ಸೀಮೆಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವು ಕಾಲಕಾಲಕ್ಕೆ ಬದಲಾಗುತ್ತ ಬಂದಿರುವ ಕ್ರಮವನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಧರ್ಮಶಾಸ್ತ್ರದಲ್ಲಿ ಈ ಪದವಿಗೆ ಸಮನಾದುದನ್ನು ಹುಡುಕುವವರು ಸಾಮಾನ್ಯವಾಗಿ 'ಪ್ರಾಡ್ವಿವಾಕ' ಶಬ್ದವನ್ನು ಹಿಡಿಯುತ್ತಾರೆ. ಇದು ಸರಿಯಲ್ಲ. ಪ್ರಾಡ್ವಿವಾಕನು ಪ್ರಶ್ನೆ ಕೇಳಿ ವಿವೇಚಿಸುವ ನ್ಯಾಯಾಧಿಪತಿಯೇ ಹೊರತು ವಾದಿಸುವವನಲ್ಲ. ರಾಜನಾಗಲಿ ರಾಜಪುರುಷನಾಗಲಿ ತಾನಾಗಿ ವ್ಯಾಜ್ಯವನ್ನು ಹುಟ್ಟಿಸಕೂಡದು, ಬಂದ ವ್ಯಾಜ್ಯವನ್ನು ನುಂಗಲೂ ಕೂಡದು ಎಂಬುದು ಮನುವಿನ ವಿಧಿ. ಹಾಗಿದ್ದರೆ ದೂರು ಕೊಡುವವರೇ ಇಲ್ಲದ ಅನ್ಯಾಯಕ್ಕೆ ಗತಿಯೇನು? ಇದಕ್ಕಾಗಿಯೇ ನಿಬಂಧಕಾರರು ಹತ್ತು ಅಪರಾಧಗಳು, ಐವತ್ತು ಛಲಗಳು, ಇಪ್ಪತ್ತೆರಡು ಪದಗಳು ಎಂದು ಒಂದು ಅಪವಾದವನ್ನು ಹೇಳಿದರು. ಇವುಗಳಲ್ಲಿ ಯಾರೂ ಬಂದು ಮೊರೆಯಿಡದಿದ್ದರೂ ರಾಜನು ತಾನೇ ಕೈಹಾಕಬಹುದು. ಅಂಥ ಸಂಗತಿಯನ್ನು ರಾಜನ ಕಿವಿಗೆ ಮುಟ್ಟಿಸುವವರನ್ನು ಕಾತ್ಯಾಯನನು ಎರಡಾಗಿ ಬೇರ್ಪಡಿಸಿದ್ದಾನೆ: ಹಣದ ಆಸೆಯಿಂದ ತಾನಾಗಿ ಬಂದು ಹೇಳುವವನು 'ಸ್ತೋಭಕ', ಅದಕ್ಕೆಂದೇ ರಾಜನಿಂದ ನಿಯುಕ್ತನಾದವನು 'ಸೂಚಕ'. ಕಾತ್ಯಾಯನಸ್ಮೃತಿಯು ಸಮಗ್ರವಾಗಿ ದೊರೆತಿಲ್ಲ; ನಿಬಂಧಗ್ರಂಥಗಳಲ್ಲಿ ಉದ್ಧೃತವಾದ ವಚನಗಳನ್ನು ಪಾಂಡುರಂಗ ವಾಮನ ಕಾಣೆಯವರು ಕಲೆಹಾಕಿ ೧೯೩೩ರಲ್ಲಿ ಪ್ರಕಟಿಸಿದ್ದರಿಂದ ಈ ವಿಭಾಗವು ನಮಗೆ ಸುಲಭವಾಗಿದೆ. ಬಾಲಕರ ಸೊತ್ತನ್ನು ಅವರು ಪ್ರೌಢರಾಗುವ ತನಕ ರಾಜನು ಕಾಯಬೇಕೆಂಬ ಮನುವಿನ ಇನ್ನೊಂದು ವಿಧಿಯನ್ನು ಇದರೊಡನೆ ಸೇರಿಸಿದರೆ, ಅಡ್ವೊಕೇಟ್ ಜನರಲ್ಲನ ಅಧಿಕಾರದ ಒಂದು ಮುಖವು ನಮ್ಮಲ್ಲಿ ತತ್ತ್ವತಃ ಇದ್ದಿತೆಂದು ಹೇಳಬಹುದು. ಆ ಹೆಸರಿನ ಅಧಿಕಾರಿಯಿದ್ದನೆಂದು ಮಾತ್ರ ಹೇಳಲಾಗದು. ಎಲ್ಲವೂ ನಮ್ಮ ಶಾಸ್ತ್ರಗಳಲ್ಲಿಯೇ ಉಂಟೆಂದು ಸಾಧಿಸುವ ಉತ್ಸಾಹವು ಪಂಡಿತವರ್ಗಕ್ಕೆ ಹಿತವಾದರೂ ಚರಿತ್ರೆಗೆ ಹಿತವಲ್ಲ.

ಬಾರಕೂರು, ಬಸರೂರುಗಳ ಶಾಸನಗಳನ್ನು ನೋಡಿದವರಿಗೆ, ದೇವಸ್ವದ ರಕ್ಷಣೆಗೆ ಆ ಕಾಲದಲ್ಲಿ ಯಾರನ್ನು ನಂಬುತ್ತಿದ್ದರೆಂಬುದು ತಿಳಿದೇ ಇದೆ. ದತ್ತಿಯ ಕೊನೆಗೆ ಶಾಪಾಶಯವಿರುತ್ತದೆ. ಜೊತೆಗೆ ಹಲರು, ಸೆಟ್ಟಿಕಾರರು ಮುಂತಾದ ಸಮುದಾಯಗಳ ಹೊಣೆಯಿರುತ್ತದೆ. ಊರೇ ಧರ್ಮಕ್ಕೆ ವಕ್ತೃವಾಗಿತ್ತು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಸೀಮೆಯು ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿ, ಥಾಮಸ್ ಮನ್ರೋ ಮೊದಲ ಕಲೆಕ್ಟರಾಗಿ ಬಂದ ಮೇಲೆ ಈ ಹೊಣೆಯು ಕ್ರಮೇಣ ಕಚೇರಿಗೆ ಹೋಯಿತು. ಮದರಾಸು ಸರಕಾರದ ೧೮೧೭ರ ೭ನೆಯ ರೆಗ್ಯುಲೇಶನ್ನು ದೇವಾಲಯ, ಛತ್ರ ಮುಂತಾದವುಗಳ ಮೇಲ್ವಿಚಾರಣೆಯನ್ನು ರೆವಿನ್ಯೂ ಬೋರ್ಡಿಗೂ ಅದರ ಕೈಕೆಳಗಿನ ಕಲೆಕ್ಟರುಗಳಿಗೂ ವಹಿಸಿತು.

ಅಡ್ವೊಕೇಟ್ ಜನರಲ್ ಎಂಬ ಪದವಿಯಾದರೋ ಇದರಿಂದ ಬೇರೆಯಾಗಿ ಮದರಾಸು ಪಟ್ಟಣದಲ್ಲಿ ಬೆಳೆದುದು. ಆತನು ಮೂಲತಃ ಕಂಪೆನಿಯ ವಕೀಲ. ಇಂಗ್ಲೆಂಡಿನಲ್ಲಿ ದೊರೆಯ ಅಟಾರ್ನಿ ಜನರಲ್ಲನು ಸಾರ್ವಜನಿಕ ಧರ್ಮದತ್ತಿಗಳ ಪರವಾಗಿ ನ್ಯಾಯಾಲಯಕ್ಕೆ 'ಇನ್ಫರ್ಮೇಶನ್' ಸಲ್ಲಿಸುವ ಪದ್ಧತಿಯಿದ್ದಿತು. ೧೮೧೩ರ ಸನದು ಕಾನೂನಿನ ೧೧೧ನೆಯ ಪ್ರಕರಣದಿಂದ ಅಂಥ ಅಧಿಕಾರವು ಇಲ್ಲಿಯ ಅಡ್ವೊಕೇಟ್ ಜನರಲ್ಲರಿಗೂ ಬಂದಿತು. ಕಾತ್ಯಾಯನನ ಸೂಚಕನನ್ನು ಬಲ್ಲವರಿಗೆ ಈ ಇನ್ಫರ್ಮೇಶನ್ನು ಅಪರಿಚಿತವಾಗಿ ತೋರದು. ಆದರೆ ೧೮೦೧ರಲ್ಲಿ ಸ್ಥಾಪಿತವಾದ ಮದರಾಸಿನ ಸುಪ್ರೀಂ ಕೋರ್ಟಿನ ಸಾಮಾನ್ಯಾಧಿಕಾರವು ಆ ಪಟ್ಟಣದ ಎಲ್ಲೆಯನ್ನು ಹೆಚ್ಚಾಗಿ ಮೀರುತ್ತಿರಲಿಲ್ಲ. ಬೈಂದೂರು, ಕಿರಿಮಂಜೇಶ್ವರಗಳಂಥ ಊರಿನ ದೇವರಿಗೆ ಆತನ ಬಾಯಿಂದ ಪ್ರಯೋಜನವಿರಲಿಲ್ಲ.

೧೮೬೩ರ ೨೦ನೆಯ ಆಕ್ಟಿನಿಂದ ಸರಕಾರವು ದೇವಾಲಯಗಳ ಆಡಳಿತದಿಂದ ಕೈತೆಗೆದು ಅವನ್ನು ಸಮಿತಿಗಳಿಗೂ ಧರ್ಮದರ್ಶಿಗಳಿಗೂ ಬಿಟ್ಟಿತು. ಆಗಲೇ ಪ್ರಶ್ನೆಯು ತೀಕ್ಷ್ಣವಾದುದು. ಯಾವುದೋ ಒಂದು ಗ್ರಾಮದಲ್ಲಿ ಮೊಕ್ತೇಸರನೊಬ್ಬನು ದೇವರ ಗದ್ದೆಯನ್ನು ತನ್ನ ಮನೆಯ ಗದ್ದೆಯೊಡನೆ ಸೇರಿಸಿಕೊಂಡನೆನ್ನೋಣ. ದೇವರು ಕೋರ್ಟಿಗೆ ಬರುವಂತಿಲ್ಲ. ಬರತಕ್ಕ ಮೊಕ್ತೇಸರನೇ ಅಪರಾಧಿ. ಭಕ್ತನು ಬಂದರೆ, ನಿನಗೇನು ನಷ್ಟವಾಯಿತೆಂದು ಕೇಳುತ್ತಾರೆ. ೧೮೭೭ರ ಸಿವಿಲ್ ಪ್ರೊಸೀಜರ್ ಕೋಡಿನ ೫೩೯ನೆಯ ಪ್ರಕರಣವು ಇದಕ್ಕೆ ದಾರಿ ತೋರಿಸಿತು. ಸಾರ್ವಜನಿಕ ಧರ್ಮಸಂಸ್ಥೆಯಲ್ಲಿ ವಿಶ್ವಾಸಭಂಗವಾದರೆ ಅಡ್ವೊಕೇಟ್ ಜನರಲ್ಲನು ತಾನಾಗಿಯೇ ದಾವೆ ಹೂಡಬಹುದು. ಇಲ್ಲವೇ ಆತನ ಒಪ್ಪಿಗೆಯನ್ನು ಪಡೆದು, ಸಂಬಂಧವುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ಹೂಡಬಹುದು. ೧೯೦೮ರ ಕೋಡಿನಲ್ಲಿ ಇದೇ ೯೨ನೆಯ ಪ್ರಕರಣವಾಯಿತು. ಸಾರ್ವಜನಿಕ ಉಪದ್ರವಗಳನ್ನು ಕುರಿತು ೯೧ನೆಯ ಪ್ರಕರಣದಲ್ಲಿಯೂ ಇಂಥ ಅಧಿಕಾರವಿದ್ದಿತು. ಇಲ್ಲಿ ಗಮನಿಸತಕ್ಕುದು ಅದರ ಮುಂದಿನ ೯೩ನೆಯದು. ರಾಜಧಾನೀ ಪಟ್ಟಣಗಳ ಹೊರಗೆ ಅಡ್ವೊಕೇಟ್ ಜನರಲ್ಲನ ಈ ಅಧಿಕಾರಗಳನ್ನು ಸರಕಾರದ ಪೂರ್ವಾನುಮತಿಯಿಂದ ಕಲೆಕ್ಟರನು ಚಲಾಯಿಸಬಹುದೆಂದು ಅದು ವಿಧಿಸಿತು. ಎಂದರೆ, ಕಂದಾಯವನ್ನು ವಸೂಲು ಮಾಡುತ್ತಿದ್ದ ಕೈಯೇ ಮಂಗಳೂರಿನಲ್ಲಿ ದೇವರ ಬಾಯಿಯೂ ಆಯಿತು. ನಮ್ಮ ಹಿರಿಯರಿಗೆ ದೊರೆತ ಅಧಿವಕ್ತನು ಇವನೇ.

ಆ ಬಾಯಿಗೂ ಒಂದು ಗಡಿಯಿದ್ದಿತು. ಕೆನರಾ ಜಿಲ್ಲೆಯು ಎರಡಾದಾಗ ಕುಂದಾಪುರ ತಾಲೂಕು ಮೊದಲು ಉತ್ತರ ಕೆನರಾಕ್ಕೆ ಸೇರಿ, ೧೮೬೨ರಲ್ಲಿ ಉತ್ತರ ಭಾಗವು ಮುಂಬಯಿ ಇಲಾಖೆಗೆ ಹೋಗುವಾಗ ಮರಳಿ ದಕ್ಷಿಣಕ್ಕೆ ಬಂದಿತು. ಅಂದಿನಿಂದ ೧೯೫೬ರ ನವೆಂಬರ್ ೧ರ ತನಕ ಬೈಂದೂರಿನ ಆಚೆಯ ಶಿರೂರಿನಲ್ಲಿ ಒಂದು ಅಡ್ವೊಕೇಟ್ ಜನರಲ್ ಮುಗಿದು, ಭಟ್ಕಳದಲ್ಲಿ ಇನ್ನೊಬ್ಬನು ಆರಂಭವಾಗುತ್ತಿದ್ದನು. ಒಂದೇ ಭಾಷೆಯವರು, ಒಂದೇ ಕಡಲಿನವರು; ಇವರಿಗೆ ಮದರಾಸಿನವನು, ಅವರಿಗೆ ಮುಂಬಯಿಯವನು. ಮದರಾಸಿನಲ್ಲಿ ೧೯೨೯ರಿಂದ ೧೯೪೪ರವರೆಗೆ ಆ ಸ್ಥಾನದಲ್ಲಿದ್ದವರು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್. ಮುಂಬಯಿಯಲ್ಲಿ ೧೯೩೭ರಿಂದ ಇದ್ದ ಮೋತಿಲಾಲ್ ಸೆಟಲ್‌ವಾಡರು ೧೯೪೨ರಲ್ಲಿ ರಾಜೀನಾಮೆಯಿತ್ತರು. ೧೯೫೦ರಲ್ಲಿ ಭಾರತದ ಮೊದಲ ಅಟಾರ್ನಿ ಜನರಲ್ಲರಾದವರು ಅವರೇ. ೧೯೫೬ರಲ್ಲಿ ಶಿರೂರಿನ ಗಡಿಯು ಅಳಿದು ಎರಡು ಕರಾವಳಿಗಳೂ ಬೆಂಗಳೂರಿನ ಅಠಾರಾ ಕಚೇರಿಯ ಕಡೆಗೆ ಮುಖಮಾಡಿದುವು. ಕಾಸರಗೋಡಿನ ಕನ್ನಡಿಗರು ಮಾತ್ರ ಎರ್ನಾಕುಳದ ಕಡೆಗೆ ನೋಡಬೇಕಾಯಿತು.

ದೇವಾಲಯಗಳ ವಿಷಯದಲ್ಲಿ ಅಷ್ಟರೊಳಗೆ ಇನ್ನೊಬ್ಬ ವಕ್ತನು ಪ್ರವೇಶಿಸಿದ್ದನು. ಮದರಾಸಿನ ಹಿಂದೂ ಧರ್ಮಾದಾಯ ಕಾನೂನುಗಳು ೧೯೨೦ರ ದಶಕದಲ್ಲಿ ಒಂದು ಬೋರ್ಡನ್ನು ನಿರ್ಮಿಸಿದುವು. ೧೯೫೧ರ ಕಾನೂನು ಬೋರ್ಡಿಗೆ ಬದಲಾಗಿ ಕಮಿಷನರನನ್ನು ಕೂರಿಸಿತು. ಇದರ ಪರಿಣಾಮವು ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ವ್ಯಾಜ್ಯದಲ್ಲಿ ಪ್ರಕಟವಾಯಿತು. (ಈ ಶಿರೂರು ಹಿರಿಯಡಕದ ಸಮೀಪದ್ದು, ಮೇಲೆ ಹೇಳಿದ ಗಡಿಯ ಶಿರೂರಲ್ಲ. ಹೊರಗಿನ ಲೇಖಕರು ಇವೆರಡನ್ನು ಕಲಸುವುದುಂಟು.) ಮಠದ ಆಡಳಿತಕ್ಕೆ ಒಂದು ವ್ಯವಸ್ಥಾಪತ್ರವನ್ನು ಏರ್ಪಡಿಸಲು ಬೋರ್ಡು ಹೊರಟಾಗ ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು ಮದರಾಸು ಹೈಕೋರ್ಟಿನ ಮೊರೆಹೊಕ್ಕು ಗೆದ್ದರು. ಕಮಿಷನರನು ಸುಪ್ರೀಂ ಕೋರ್ಟಿಗೆ ಮೇಲ್ಮನವಿಯೊಯ್ದನು. ಅವನ ಪರವಾಗಿ ನಿಂತವರು ಮದರಾಸಿನ ಅಡ್ವೊಕೇಟ್ ಜನರಲ್ ವಿ. ಕೆ. ಟಿ. ಚಾರಿ. ೧೯೫೪ರ ಮಾರ್ಚ್ ೧೬ರಂದು ಏಳು ಮಂದಿ ನ್ಯಾಯಾಧೀಶರ ಪೀಠದ ತೀರ್ಪನ್ನು ಬಿಜನ್ ಕುಮಾರ್ ಮುಖರ್ಜಿಯವರು ಬರೆದರು. ಸರಕಾರಕ್ಕೆ ಲೌಕಿಕ ಆಡಳಿತದ ಮೇಲ್ವಿಚಾರಣೆ ಸಲ್ಲುತ್ತದೆ. ಆದರೆ ಯಾವ ಆಚರಣೆಯು ಧರ್ಮಕ್ಕೆ ಅವಶ್ಯಕವೆಂಬುದನ್ನು ಆ ಸಂಪ್ರದಾಯವೇ ಹೇಳತಕ್ಕದ್ದು. ಅಧಿಕಾರಿಗಳು ಬೇಕೆಂದಾಗ ಒಳಹೊಗುವಂತಿಲ್ಲ. ಆದಾಯದ ನೂರಕ್ಕೆ ಐದರವರೆಗೆ ವಸೂಲು ಮಾಡುವ ವಂತಿಗೆಯು ಶುಲ್ಕವಲ್ಲ, ತೆರಿಗೆ. ಆದ್ದರಿಂದ ರಾಜ್ಯದ ಶಾಸನಸಭೆಗೆ ಅದು ನಿಷಿದ್ಧ. ಇದು ತೀರ್ಪಿನ ಸಾರ.

ಈ ತೀರ್ಪನ್ನು ಧಾರ್ಮಿಕ ಸ್ವಾತಂತ್ರ್ಯದ ದೃಷ್ಟಿಯಿಂದ ಎಲ್ಲರೂ ಉದಾಹರಿಸುತ್ತಾರೆ. ನಾನಾದರೋ ಅಲ್ಲಿ ಯಾರು ಎಲ್ಲಿ ನಿಂತಿದ್ದರೆಂಬುದನ್ನು ನೋಡುತ್ತೇನೆ. ೯೨ನೆಯ ಪ್ರಕರಣದ ಅಡ್ವೊಕೇಟ್ ಜನರಲ್ಲನು ಮಠಾಧಿಪತಿಯ ಮೇಲೆಯೇ ದಾವೆ ಹೂಡಿದರೂ ಹೂಡುವುದು ಧರ್ಮಸಂಸ್ಥೆಯ ಹೆಸರಿನಲ್ಲಿ, ತೀರ್ಮಾನವು ನ್ಯಾಯಾಧೀಶನದು. ಶಿರೂರು ಮಠದ ಪ್ರಕರಣದಲ್ಲಿ ಅದೇ ಪದವಿಯವರು ಒಂದು ಇಲಾಖೆಯ ಅಧಿಕಾರವನ್ನು ಸಮರ್ಥಿಸುವ ವಕೀಲರಾಗಿದ್ದರು. ಮಠದ ಹಿತವನ್ನು ಹೇಳುವುದು ತಾನೆಂದು ಇಲಾಖೆಯೂ, ತಾನೆಂದು ಸ್ವಾಮಿಗಳೂ ವಾದಿಸಿದರು. ಇಬ್ಬರಿಗೂ ಹೊರತಾಗಿ ಧರ್ಮಕ್ಕಾಗಿಯೇ ಮಾತನಾಡುವ ಮೂರನೆಯವನ ಪೀಠವು ಬರಿದಾಗಿತ್ತು. ಇದು ಚಾರಿಯವರ ದೋಷವಲ್ಲ. ಕಾನೂನು ಅವರನ್ನು ನಿಲ್ಲಿಸಿದ ಸ್ಥಳ ಅದು. ಮುಲ್ಕಿಯ ವೆಂಕಟರಮಣ ದೇವಾಲಯದ ಪ್ರವೇಶವ್ಯಾಜ್ಯದಲ್ಲಿಯೂ ಸರಕಾರವು ಪ್ರತಿವಾದಿಯೇ. ೧೯೪೯ರಲ್ಲಿ ಮದರಾಸಿನ ವಿರುದ್ಧ ಹೂಡಿದ ಆ ದಾವೆಯು ರಾಜ್ಯಪುನರ್ವಿಂಗಡಣೆಯ ಫಲವಾಗಿ ೧೯೫೭ರ ತೀರ್ಪಿನಲ್ಲಿ ಮೈಸೂರು ರಾಜ್ಯದ ಹೆಸರನ್ನು ಹೊತ್ತಿತು.

ಸಂವಿಧಾನವು ಈ ಪದವಿಯನ್ನು ೧೬೫ನೆಯ ಅನುಚ್ಛೇದದಲ್ಲಿ ಸ್ಥಾಪಿಸಿದೆ. ಹೈಕೋರ್ಟಿನ ನ್ಯಾಯಾಧೀಶನಾಗಲು ಅರ್ಹನಾದವನನ್ನು ರಾಜ್ಯಪಾಲರು ನೇಮಿಸತಕ್ಕದ್ದು. ಸರಕಾರಕ್ಕೆ ಕಾನೂನಿನ ಸಲಹೆ ಕೊಡುವುದು ಆತನ ಕರ್ತವ್ಯ. ೧೭೭ನೆಯದರಂತೆ ಶಾಸನಸಭೆಯಲ್ಲಿ ಮಾತನಾಡಬಹುದು, ಮತ ಕೊಡುವಂತಿಲ್ಲ. ವಿಚಾರಣೀಯವಾದುದು ಆತನ ಅವಧಿ. ೧೯೩೫ರ ಇಂಡಿಯಾ ಸರಕಾರದ ಕಾನೂನಿನ ೫೫ನೆಯ ಪ್ರಕರಣದಲ್ಲಿ ಪ್ರಾಂತದ ಅಡ್ವೊಕೇಟ್ ಜನರಲ್ಲನ ನೇಮಕ, ವಜಾ, ವೇತನಗಳನ್ನು ಗವರ್ನರನು ಮಂತ್ರಿಗಳ ಮಾತಿಗೆ ಕಟ್ಟುಬೀಳದೆ ಸ್ವಂತ ವಿವೇಚನೆಯಿಂದ ನಡೆಸಬೇಕೆಂದಿದ್ದಿತು. ೧೯೪೮ರ ಸಂವಿಧಾನದ ಕರಡಿನ ೧೪೫ನೆಯ ಅನುಚ್ಛೇದವು ಇದಕ್ಕೆ ತೀರ ವಿರುದ್ಧವಾಗಿ, ಮುಖ್ಯಮಂತ್ರಿಯು ರಾಜೀನಾಮೆಯಿತ್ತೊಡನೆ ಅಡ್ವೊಕೇಟ್ ಜನರಲ್ಲನೂ ನಿವೃತ್ತನಾಗತಕ್ಕದ್ದೆಂದು ಹೇಳಿತು. ಕರಡುಸಮಿತಿಯಲ್ಲಿ ಹದಿನೈದು ವರ್ಷ ಈ ಪದವಿಯನ್ನು ನಡೆಸಿದ ಅಲ್ಲಾಡಿಯವರೂ ಇದ್ದರೆಂಬುದು ಸ್ಮರಣೀಯ. ೧೯೪೯ರ ಜೂನ್ ತಿಂಗಳಲ್ಲಿ ಸಂವಿಧಾನ ಸಭೆಯು ಆ ವಾಕ್ಯವನ್ನು ತೆಗೆದು, ರಾಜ್ಯಪಾಲರ ಇಷ್ಟವಿರುವ ತನಕ ಎಂದು ಮಾಡಿತು. ಮಾತು ೧೯೩೫ಕ್ಕೆ ಹತ್ತಿರವಾಯಿತು, ಅರ್ಥವು ಹಾಗಾಗಲಿಲ್ಲ. ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರಾದುದರಿಂದ, ಸಭೆಯು ಅಳಿಸಿದ ವಾಕ್ಯವನ್ನೇ ರೂಢಿಯು ಮರಳಿ ಬರೆಯಿತೆಂದು ನಾನು ಬಗೆಯುತ್ತೇನೆ. ಸರಕಾರ ಬದಲಾದಾಗ ಅಡ್ವೊಕೇಟ್ ಜನರಲ್ಲನೂ ಬದಲಾಗುವುದು ಈಗ ಸಹಜವೆನಿಸಿದೆ.

ಕರಾವಳಿಯವರು ಈ ಪೀಠಕ್ಕೆ ಹೊರಗಿನವರಾಗಿ ಉಳಿಯಲಿಲ್ಲ. ಕಾರ್ಕಳ ತಾಲೂಕಿನ ಕೆ. ಎಸ್. ಹೆಗ್ಡೆಯವರು ಜಿಲ್ಲೆಯ ಸರಕಾರೀ ವಕೀಲರಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೇರಿದರು. ಅವರ ಪುತ್ರ ಸಂತೋಷ್ ಹೆಗ್ಡೆಯವರು ೧೯೮೪ರಿಂದ ೧೯೮೮ರವರೆಗೆ ಕರ್ನಾಟಕದ ಅಡ್ವೊಕೇಟ್ ಜನರಲ್ಲರಾಗಿದ್ದರು. ಉಡುಪಿ ಸೀಮೆಯ ಬೆಳಪುವಿನವರಾದ ಬಿ. ವಿ. ಆಚಾರ್ಯರು ಐದು ಸಲ ಈ ಸ್ಥಾನವನ್ನು ವಹಿಸಿದವರು. ತಮಿಳುನಾಡಿನ ಮಾಜಿ ಮುಖ್ಯಮಂತ್ರಿಯ ಮೇಲೆ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಮೊಕದ್ದಮೆಯಲ್ಲಿ ವಿಶೇಷ ಅಭಿಯೋಜಕರೂ ಆಗಿದ್ದ ಅವರು, ಎರಡು ಹೊಣೆಗಳು ಒಬ್ಬನಲ್ಲಿರಬಹುದೇ ಎಂಬ ಪ್ರಶ್ನೆಯೆದ್ದಾಗ ೧೯೧೨ರಲ್ಲಲ್ಲ, ನಮ್ಮ ಕಣ್ಣೆದುರಿನ ೨೦೧೨ರಲ್ಲಿ, ದೊಡ್ಡ ಪದವಿಯನ್ನು ಬಿಟ್ಟು ಅಭಿಯೋಜಕತ್ವವನ್ನು ಉಳಿಸಿಕೊಂಡರು.

ಧರ್ಮದತ್ತಿಗಳ ವಿಷಯಕ್ಕೆ ಮರಳುವುದಾದರೆ, ೧೯೭೬ರ ತಿದ್ದುಪಡಿಯು ೯೨ನೆಯ ಪ್ರಕರಣದಲ್ಲಿದ್ದ ಅಡ್ವೊಕೇಟ್ ಜನರಲ್ಲನ ಒಪ್ಪಿಗೆಯನ್ನು ತೆಗೆದು ನ್ಯಾಯಾಲಯದ ಅನುಮತಿಯನ್ನಿಟ್ಟಿತು. ಭಕ್ತರಿಬ್ಬರು ಈಗ ನೇರವಾಗಿ ನ್ಯಾಯಾಧೀಶನನ್ನು ಕೇಳಬಹುದು. ಅಡ್ವೊಕೇಟ್ ಜನರಲ್ಲನು ತಾನೇ ದಾವೆ ಹೂಡುವ ಅಧಿಕಾರವು ಹೋಗಿಲ್ಲ. ೯೩ನೆಯ ಪ್ರಕರಣದಂತೆ ಕಲೆಕ್ಟರನ ಅಧಿಕಾರವೂ ಹೋಗಿಲ್ಲ. ೧೯೭೧ರ ನ್ಯಾಯಾಲಯನಿಂದನೆಯ ಕಾನೂನಿನಲ್ಲಿಯೂ, ಕ್ರಿಮಿನಲ್ ಸ್ವರೂಪದ ನಿಂದನೆಗೆ ಪ್ರಜೆಯೊಬ್ಬನು ಹೈಕೋರ್ಟಿನಲ್ಲಿ ಅರ್ಜಿಯಿಡಬೇಕಾದರೆ ಆತನ ಲಿಖಿತ ಒಪ್ಪಿಗೆಯು ಬೇಕು. ಕಡಲಿಗೆ ಹೋಗುವ ಊರದಾರಿಯನ್ನು ಯಾರಾದರೂ ಬೇಲಿಹಾಕಿ ಮುಚ್ಚಿದರೆ ದಾವೆ ಹೂಡಬಹುದಾದವರನ್ನು ೯೧ನೆಯ ಪ್ರಕರಣವು ಇಂದಿಗೂ ಹೆಸರಿಸುತ್ತದೆ: ಮೊದಲು ಅಡ್ವೊಕೇಟ್ ಜನರಲ್, ಆಮೇಲೆ, ಕೋರ್ಟಿನ ಅನುಮತಿ ಪಡೆದ ಊರಿನ ಇಬ್ಬರು.