ಗುತ್ತವೊಳಲಿನ ಅರಸರು ಮತ್ತು ಮುಕ್ತಿಕ್ಷೇತ್ರದ ಶಿವದೇವರು



ಹಾವೇರಿ ತಾಲ್ಲೂಕಿನ ಗುತ್ತಲದ ಹಳೆಯ ಹೆಸರು ಗುತ್ತವೊಳಲು. ಪೊಳಲು ಎಂದರೆ ಪಟ್ಟಣ. ಗುತ್ತರ ಪಟ್ಟಣವೇ ಗುತ್ತವೊಳಲು. 12 ಮತ್ತು 13ನೆಯ ಶತಮಾನಗಳಲ್ಲಿ ತುಂಗಭದ್ರೆಯ ದಡದ ಈ ನಾಡನ್ನು ಆಳಿದ ಗುತ್ತರು ಮಾಂಡಲಿಕರು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಸೇವುಣರು ಹೀಗೆ ಮೇಲಿನ ಒಡೆಯರು ಬದಲಾಗುತ್ತ ಹೋದರೂ ಇವರು ತಮ್ಮ ನಾಡನ್ನು ಉಳಿಸಿಕೊಂಡರು. ಇದು ಸಣ್ಣ ಸಾಧನೆಯಲ್ಲ.

ಆದರೂ ಅವರ ಮನಸ್ಸು ಗುತ್ತವೊಳಲಿನಲ್ಲಿ ನಿಲ್ಲಲಿಲ್ಲ. ತಾವು ಚಂದ್ರಗುಪ್ತನ ವಂಶದವರೆಂದು ಶಾಸನಗಳಲ್ಲಿ ಹೇಳಿಸಿಕೊಂಡರು. ‘ಉಜ್ಜಯಿನೀಪುರವರಾಧೀಶ್ವರ’ ಎಂಬ ಬಿರುದನ್ನು ಧರಿಸಿದರು. ಗುಪ್ತ ಸಾಮ್ರಾಜ್ಯ ಅಳಿದು ಆಗ ಐದಾರು ಶತಮಾನಗಳೇ ಕಳೆದಿದ್ದವು. ಉಜ್ಜಯಿನಿಯ ಒಂದು ಬೀದಿಯೂ ಇವರ ಕೈಯಲ್ಲಿ ಇರಲಿಲ್ಲ!

ಗುತ್ತರನ್ನು ಮಾತ್ರ ಹಾಸ್ಯ ಮಾಡುವುದು ನ್ಯಾಯವಲ್ಲ. ಸವದತ್ತಿಯ ರಟ್ಟರು ಲತ್ತಲೂರಿನ ಅಧೀಶ್ವರರೆಂದೂ, ಸಿಂದರು ನಾಗಲೋಕದ ಭೋಗಾವತೀಪುರದ ಅಧೀಶ್ವರರೆಂದೂ ಕರೆದುಕೊಂಡವರೇ. ಯಾರ ಅಡಿಯಲ್ಲಿ ನಾಳೆ ತಲೆಬಾಗಬೇಕೋ ತಿಳಿಯದ ಮಾಂಡಲಿಕನಿಗೆ, ಆ ಒಡೆಯನಿಗಿಂತಲೂ ದೊಡ್ಡ ಪೂರ್ವಜನೊಬ್ಬ ಬೇಕಾಗಿದ್ದನು. ಇದನ್ನು ಕೇವಲ ಅಹಂಕಾರವೆಂದು ತಳ್ಳಿಹಾಕಲು ನಮಗೆ ಮನಸ್ಸಾಗದು. ಇದರಲ್ಲಿ ಅಂಜಿಕೆಯೂ ಇದೆ. ಪಡೆದದ್ದು ತನ್ನದಾಗಿ ಉಳಿಯುವುದೋ ಇಲ್ಲವೋ ಎಂಬ ಅಂಜಿಕೆಯೇ ಎಷ್ಟೋ ಸಲ ‘ಇನ್ನೂ ಬೇಕು’ ಎಂಬ ಮಾತಾಗಿ ಹೊರಬರುತ್ತದೆ. ಪದವಿ, ಮನೆ, ಮಕ್ಕಳ ಏಳಿಗೆ ಎಲ್ಲವೂ ಕೈಗೂಡಿದ ಮೇಲೆಯೂ ನಿದ್ದೆ ಬಾರದೆಂದು ಹೇಳುವ ಭಕ್ತರು ಇದನ್ನು ಬಲ್ಲರು.

ಗುತ್ತಲಕ್ಕೆ ಸಮೀಪದಲ್ಲಿಯೇ, ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಚೌಡದಾನಪುರವಿದೆ. ನಿಜಶರಣ ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆರೆತುಹೋದ ಊರಿದು. ಇಲ್ಲಿಯ ಮುಕ್ತೇಶ್ವರ ದೇವಾಲಯದ ಆವರಣದಲ್ಲಿ ಎತ್ತರವಾದ ಕಲ್ಲುಗಳ ಮೇಲೆ ಹಳಗನ್ನಡದ ದೀರ್ಘ ಶಾಸನಗಳಿವೆ. ಗುತ್ತ ಅರಸರ ವಂಶ, ದೇವಾಲಯದ ಕಟ್ಟಡಗಳು, ದತ್ತಿಗಳ ವಿವರ ಅವುಗಳಲ್ಲಿದೆ. ಲಾಕುಳಶೈವರಾದ ಮುಕ್ತಜೀಯರನ್ನೂ ವೀರಶೈವರಾದ ಶಿವದೇವರನ್ನೂ ಆ ಶಾಸನಗಳು ಸ್ಮರಿಸುತ್ತವೆ. ಶಿವದೇವರು 1225ರಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿದರು. ಬಹುಕಾಲ ಇಲ್ಲಿಯೇ ನೆಲೆನಿಂತು ವೈರಾಗ್ಯ, ಭಕ್ತಿ, ಧ್ಯಾನಗಳಲ್ಲಿ ಬಾಳಿದರು. ಅರಸರಿಗೆ ಚಿಕ್ಕದಾಗಿ ತೋರಿದ ಅದೇ ನೆಲ ಅವರಿಗೆ ಸಾಕಾಯಿತು.

ಹಾಗೆಂದು ಎಲ್ಲ ಅತೃಪ್ತಿಯೂ ಒಂದೇ ಬಗೆಯದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು, ದೇಗುಲಗಳನ್ನು ನಿಲ್ಲಿಸಿದರು, ಜನರು ಕೊಂಡಾಡಿದರು. ಶೂನ್ಯಸಂಪಾದನೆ ತಿಳಿಸುವಂತೆ, ಅಲ್ಲಮಪ್ರಭುಗಳು ಬಂದು ಆ ಕಾಯಕದ ಹಿಂದಿರುವ ‘ನಾನು’ ಎಂಬುದನ್ನು ಪ್ರಶ್ನಿಸಿದಾಗ ಅವರು ಕಲ್ಯಾಣಕ್ಕೆ ತೆರಳಿ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಅವರೂ ಇದ್ದಲ್ಲಿ ನಿಲ್ಲದೆ ಹೊರಟವರೇ. ಆದರೆ ಮತ್ತೊಂದು ಕೆರೆಯನ್ನೋ ಮತ್ತೊಂದು ಬಿರುದನ್ನೋ ಅರಸಿ ಹೊರಟವರಲ್ಲ.

ಸೇವುಣರ ಆಳ್ವಿಕೆಯ ಕೊನೆಯ ಹೊತ್ತಿಗೆ ಗುತ್ತರ ಹೆಸರು ಮರೆಯಾಯಿತು. ಚೌಡದಾನಪುರಕ್ಕೆ ಹೋಗುವ ಭಕ್ತರು ಮುಕ್ತೇಶ್ವರನ ದರ್ಶನ ಮಾಡಿ ಹೊಳೆಯ ಕಡೆಗೆ ಇಳಿದುಬಿಡುತ್ತಾರೆ. ಮುಂದಿನ ಸಲ ಶಾಸನಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿರಿ. ಉಜ್ಜಯಿನಿಯ ಹೆಸರು ಹೊತ್ತ ಅರಸರೂ, ಬಂದು ಇಲ್ಲಿಯೇ ನಿಂತ ಶಿವದೇವರೂ ಆ ಒಂದೇ ಆವರಣದ ಕಲ್ಲುಗಳಲ್ಲಿದ್ದಾರೆ.