ವೇಗಕ್ಕೆ ಬಿಲ್ ಹಾಕಿದವರು ಯಾರು?

ಪುಣೆಯಲ್ಲಿರೋ ನಮ್ಮವರಿಗೆ ಕಲ್ಯಾಣಿ ನಗರ ಎಲ್ಲಿದೆ ಅಂತ ಹೇಳಬೇಕಾಗಿಲ್ಲ. 2024ರ ಮೇ 19ರ ನಸುಕಿನಲ್ಲಿ ಅಲ್ಲಿ ಒಂದು ಪೋರ್ಷೆ ಟೈಕಾನ್ ಕಾರು ಬೈಕಿಗೆ ಗುದ್ದಿತು. ಬೈಕ್‌ನಲ್ಲಿದ್ದ ಇಬ್ಬರೂ ಸತ್ತರು. ಇಬ್ಬರಿಗೂ 24 ವರ್ಷ, ಇಬ್ಬರೂ ಸಾಫ್ಟ್‌ವೇರ್ ಎಂಜಿನಿಯರುಗಳು, ಮಧ್ಯಪ್ರದೇಶದಿಂದ ಕೆಲಸಕ್ಕೆ ಅಂತ ಬಂದವರು. ಊರಿನ ಹೆಸರು ಬದಲಾಯಿಸಿದರೆ ನಮ್ಮ ಹುಬ್ಬಳ್ಳಿಯ, ಹಾಸನದ ಮಕ್ಕಳೇ. ಕಾರು ಓಡಿಸ್ತಿದ್ದವನಿಗೆ 17 ಅಂತ ಪೊಲೀಸರು ಹೇಳಿದರು. 300 ಪದದ ಪ್ರಬಂಧ ಬರೀಬೇಕು ಅನ್ನೋ ಷರತ್ತಿನ ಜಾಮೀನು ನಿಮಗೆ ನೆನಪಿರುತ್ತೆ. ನನಗೆ ನೆನಪಿರೋದು ಇನ್ನೊಂದು ಸಂಖ್ಯೆ, 1,758 ರೂಪಾಯಿ. ಕೋಟಿ ದಾಟುವ ಆ ಕಾರಿಗೆ ಕಾಯಂ ನೋಂದಣಿ ಆಗದೆ ಉಳಿದದ್ದು ಇಷ್ಟು ಶುಲ್ಕ ಕಟ್ಟದ್ದಕ್ಕೆ ಅಂತ ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ತಿಳಿಸಿದ್ರು. ಅದು ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿಯಲ್ಲಿ ಹೋದ ಕಾರು.

ಅತಿ ವೇಗದ ಕಾರು, ಎಳೆ ವಯಸ್ಸು. ಈ ಜೋಡಿಯನ್ನ ಒಂದು ದೇಶ ಅರವತ್ತರ ದಶಕದಲ್ಲಿ ಲೆಕ್ಕ ಹಾಕಿಯೇ ಮಾರುಕಟ್ಟೆಗೆ ಬಿಟ್ಟಿತ್ತು. ಆಮೇಲೆ ಅದಕ್ಕೆ ಕಡಿವಾಣವೂ ಬಿತ್ತು. ಹಾಕಿದವರು ಪೊಲೀಸರಲ್ಲ. ಇವತ್ತು ಆ ಕಥೆ.

1963ರ ಅಮೆರಿಕ. ಜನರಲ್ ಮೋಟಾರ್ಸ್ ಕಂಪನಿ ರೇಸಿಂಗ್‌ನಿಂದ ಹಿಂದೆ ಸರೀತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚು, ಅಂದ್ರೆ ಸುಮಾರು 5.4 ಲೀಟರಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅನ್ನೋದು ಅದರ ಒಳಗಿನ ನಿಯಮ. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದಲ್ಲಿ ಜಾನ್ ಡಿಲೋರಿಯನ್ ಮತ್ತವರ ಎಂಜಿನಿಯರುಗಳು ಟೆಂಪೆಸ್ಟ್ ಅನ್ನೋ ಸಾಧಾರಣ ಕಾರಿಗೆ 389 ಘನ ಇಂಚಿನ ಎಂಜಿನ್ ಕೂರಿಸಿದರು. ನಿಯಮ? ಇದು ಹೊಸ ಮಾಡೆಲ್ ಅಲ್ಲ, ಇರೋ ಮಾಡೆಲ್‌ಗೆ ಒಂದು 'ಆಪ್ಷನ್' ಅಂದ್ರು. 300 ಡಾಲರಿಗಿಂತ ಸ್ವಲ್ಪ ಕಡಿಮೆ ಕೊಟ್ಟರೆ ಆಯ್ತು. (ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ನಲ್ಲಿ ಸಂದು ಹುಡುಕೋದು ನಮಗೇನು ಹೊಸದಲ್ಲ ಬಿಡಿ.) ಹೆಸರನ್ನೂ ಫೆರಾರಿಯಿಂದ ಎತ್ತಿಕೊಂಡರು: ಜಿಟಿಒ. ಐದು ಸಾವಿರ ಮಾರಿದ್ರೆ ಸಾಕು ಅಂದ್ಕೊಂಡಿದ್ದು, 1964ರ ಮಾಡೆಲ್ ಒಂದೇ 32 ಸಾವಿರ ದಾಟಿತು.

325 ಅಶ್ವಶಕ್ತಿಯ ಆ ಕಾರಿಗೆ ಬ್ರೇಕ್ ಯಾವುದು ಗೊತ್ತಾ? ನಾಲ್ಕೂ ಚಕ್ರಕ್ಕೆ ಡ್ರಮ್. ವೇಗ ಎರಡು ಪಟ್ಟಾದರೆ ಕಾರು ಹೊತ್ತಿರುವ ಶಕ್ತಿ ನಾಲ್ಕು ಪಟ್ಟಾಗುತ್ತೆ. ನಿಲ್ಲಿಸುವಾಗ ಅಷ್ಟನ್ನೂ ಬ್ರೇಕ್ ಶಾಖವಾಗಿ ನುಂಗಬೇಕು. ಡ್ರಮ್ ಕಾದಷ್ಟೂ ಹಿಡಿತ ಬಿಡುತ್ತೆ.

ಗಿರಾಕಿ ಯಾರು ಅನ್ನೋದರಲ್ಲಿ ಗುಟ್ಟೇನಿರಲಿಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ ಹುಟ್ಟಿದವರಿಗೆ 1964ಕ್ಕೆ ಸರಿಯಾಗಿ 18. 1968ರಲ್ಲಿ ಪ್ಲಿಮತ್ ಕಂಪನಿ 'ರೋಡ್ ರನ್ನರ್' ಅಂತ ಅಗ್ಗದ ಕಾರು ತಂದಿತು, ಬೆಲೆ ಮೂರು ಸಾವಿರ ಡಾಲರ್ ಒಳಗೆ. ಟಿವಿ ಕಾರ್ಟೂನಿನ ಓಡುವ ಹಕ್ಕಿಯ ಹೆಸರಿಗೇ ವಾರ್ನರ್ ಬ್ರದರ್ಸ್‌ಗೆ ದುಡ್ಡು ಕೊಟ್ಟು, ಹಾರ್ನ್ ಕೂಡ ಅದರ ಹಾಗೇ 'ಬೀಪ್ ಬೀಪ್' ಅನ್ನೋ ಹಾಗೆ ಮಾಡಿದರು. ಕಾರ್ಟೂನ್ ನೋಡೋ ವಯಸ್ಸು ಆಗಷ್ಟೇ ದಾಟಿದವರಿಗೆ ಮಾಡಿದ ಕಾರು ಅಂತ ಇನ್ನೂ ಬಿಡಿಸಿ ಹೇಳಬೇಕೆ?

ಸರ್ಕಾರ ಸುಮ್ಮನಿರಲಿಲ್ಲ. 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕ ಗದ್ದಲ ಎಬ್ಬಿಸಿತು, 1966ರಲ್ಲಿ ವಾಹನ ಸುರಕ್ಷತಾ ಕಾಯ್ದೆ ಬಂತು. ಸೀಟ್ ಬೆಲ್ಟ್ ಕಡ್ಡಾಯವಾಗಿ ಅಳವಡಿಸೋದು ಅಲ್ಲಿಂದಲೇ. ಆದರೆ ಅಶ್ವಶಕ್ತಿಯನ್ನ ಯಾರೂ ಮುಟ್ಟಲಿಲ್ಲ.

ಮುಟ್ಟಿದವರು ವಿಮೆಯವರು. ಜೀವದ ಮೇಲಿನ ಕರುಣೆಯಿಂದಲ್ಲ, ಕ್ಲೇಮ್ ಕೊಟ್ಟು ಕೊಟ್ಟು ಕೈ ಸುಟ್ಟುಕೊಂಡಿದ್ರು. 1970ರ ಹೊತ್ತಿಗೆ ಕಾರಿನ ತೂಕಕ್ಕೆ ಅಶ್ವಶಕ್ತಿ ಎಷ್ಟು, ಓಡಿಸುವವನಿಗೆ ವಯಸ್ಸೆಷ್ಟು ಅಂತ ಲೆಕ್ಕ ಹಾಕಿ ಪ್ರೀಮಿಯಂ ಏರಿಸಿದರು. ಎಷ್ಟೋ ಹುಡುಗರಿಗೆ ವಿಮೆಯ ಖರ್ಚು ಕಾರಿನ ಕಂತಿಗೇ ಸಮನಾಯ್ತು. ಶೋರೂಮ್‌ಗೆ ಬಂದವರು ಲೆಕ್ಕ ಕೇಳಿ ವಾಪಸ್ ಹೋಗ್ತಿದ್ರು. ಹೊಗೆ ನಿಯಮ, 1973ರ ತೈಲ ಬಿಕ್ಕಟ್ಟು ಎಲ್ಲ ಸೇರಿ ಉಳಿದ ಕೆಲಸ ಮುಗಿಸಿದವು. 1974ಕ್ಕೆ ಹಳೆಯ ಜಿಟಿಒ ಕಥೆ ಮುಗೀತು.

ಈಗ ನಮ್ಮ ಪ್ರೀಮಿಯಂ ಪಟ್ಟಿ ನೋಡಿ. 2019ರ ತಿದ್ದುಪಡಿಯಲ್ಲಿ 199ಎ ಕಲಂ ಬಂತು: ಅಪ್ರಾಪ್ತ ವಯಸ್ಕರು ಅಪರಾಧ ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಒಳ್ಳೇದೇ. ಆದರೆ ಅದು ಗುದ್ದಿದ ಮೇಲಿನ ಮಾತು. ಗುದ್ದುವ ಮೊದಲಿನ ಬಿಲ್ ಅಂದ್ರೆ ಥರ್ಡ್ ಪಾರ್ಟಿ ವಿಮೆ, ಬೈಕ್‌ನಲ್ಲಿ ಹೋಗುವವನ ಜೀವಕ್ಕೆ ಸಂಬಂಧಪಟ್ಟದ್ದು. 2022ರಲ್ಲಿ ಸರ್ಕಾರ ಪ್ರಕಟಿಸಿದ ದರದ ಪ್ರಕಾರ 65 ಕಿಲೋವ್ಯಾಟ್ ಮೀರಿದ ಎಲ್ಲ ಎಲೆಕ್ಟ್ರಿಕ್ ಕಾರಿಗೂ ವರ್ಷಕ್ಕೆ 6,712 ರೂಪಾಯಿ. 95 ಕಿಲೋವ್ಯಾಟ್‌ನ ಮೊದಲ ನೆಕ್ಸಾನ್ ಇವಿಗೂ ಅಷ್ಟೇ, ಅದರ ಎರಡು ಪಟ್ಟಿಗೂ ಹೆಚ್ಚು ಶಕ್ತಿಯ ಟೈಕಾನ್‌ಗೂ ಅಷ್ಟೇ. ಸ್ವಂತ ಕಾರಿನ ಹಾನಿಗೆ ಕಟ್ಟುವ ವಿಮೆ ಬೇರೆ, ಅದು ಕಾರಿನ ಬೆಲೆ ನೋಡುತ್ತೆ.

ಇನ್ನೊಂದು ಮಾತೂ ಹೇಳಬೇಕು. ಅಮೆರಿಕದ ಆ ಹುಡುಗರಲ್ಲಿ ಬಹಳ ಮಂದಿ ಸ್ವಂತ ದುಡಿಮೆಯಲ್ಲಿ ಕಂತು ಕಟ್ಟುತ್ತಿದ್ದವರು, ಅದಕ್ಕೇ ಬಿಲ್ ಅವರನ್ನ ತಟ್ಟಿತು. ಕೋಟಿಯ ಕಾರು ಇಟ್ಟುಕೊಂಡ ಮನೆಗೆ ಪ್ರೀಮಿಯಂ ಹತ್ತು ಪಟ್ಟಾದರೂ ಗೊತ್ತಾಗಲಿಕ್ಕಿಲ್ಲ. ಆದ್ರೆ ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಮೊದಲ ಬೋನಸ್ ಕೈಗೆ ಬಂದು, ಟರ್ಬೊ ಕಾರಿಗೆ ಲೋನ್ ಹಾಕೋಕೆ ಹೊರಟ 23ರ ಹುಡುಗನಿಗೆ ಗೊತ್ತಾಗುತ್ತೆ. ಆ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ ಅವನ ವಯಸ್ಸಿಗೆ ಕಾಲಮ್ಮೇ ಇಲ್ಲ.