ಹಳೆಯ ಲ್ಯಾಪ್‌ಟಾಪ್, ಲೈಬ್ರರಿಯ ವೈಫೈ: ಯಾವ ಆಂಟಿವೈರಸ್ ಒಳ್ಳೆಯದು?



ಬೇಸಿಗೆ ಬಂತೆಂದರೆ ಅಮೆರಿಕದ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮಂದಿರು ಬರುತ್ತಾರೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಸಮ್ಮರ್ ಕ್ಯಾಂಪಿಗೆ ಹೋದ ಮೇಲೆ ಹಿರಿಯರಿಗೆ ಹೊತ್ತು ಕಳೆಯಲು ಹತ್ತಿರದ ಪಬ್ಲಿಕ್ ಲೈಬ್ರರಿಯೇ ಗತಿ. ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪ್ ಆಗ ಅವರ ಕೈಗೆ ಬರುತ್ತದೆ. ಅದರಲ್ಲೇ ಕನ್ನಡ ಪತ್ರಿಕೆ ಓದುವುದು, ಅದರಲ್ಲೇ ಪಿಂಚಣಿ ಬರುವ ಬ್ಯಾಂಕ್ ಖಾತೆ ನೋಡುವುದು, ಅದರಲ್ಲೇ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದು. "ಇದಕ್ಕೆ ಯಾವ ಆಂಟಿವೈರಸ್ ಹಾಕಿಸೋಣ?" ಎಂಬ ಪ್ರಶ್ನೆ ಹುಟ್ಟುವುದೂ ಆಗಲೇ.

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಲ್ಯಾಪ್‌ಟಾಪಿನ ವಿಂಡೋಸ್‌ಗೆ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದ್ದರೆ, ಅದರ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಹೆಚ್ಚಿನವರಿಗೆ ಸಾಕು. ಅಪ್‌ಡೇಟ್ ನಿಂತುಹೋಗಿದ್ದರೆ, ಎಷ್ಟು ದುಡ್ಡು ಕೊಟ್ಟು ಯಾವ ಆಂಟಿವೈರಸ್ ತಂದರೂ ಆ ಯಂತ್ರ ಬ್ಯಾಂಕ್ ಕೆಲಸಕ್ಕೆ ಲಾಯಕ್ಕಾಗುವುದಿಲ್ಲ. ಏಕೆಂದು ಮುಂದೆ ನೋಡೋಣ.

ಮೊದಲು ವಿಂಡೋಸ್ ಯಾವುದೆಂದು ನೋಡಿ

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬಲ್ಲಿಗೆ ಹೋಗಿ, ಕೊನೆಯಲ್ಲಿರುವ ಅಬೌಟ್ ಒತ್ತಿದರೆ ವಿಂಡೋಸ್ ಯಾವುದೆಂದು ತಿಳಿಯುತ್ತದೆ. ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ದಿನಾಂಕಗಳು ಹೀಗಿವೆ:

- ವಿಂಡೋಸ್ ಎಕ್ಸ್‌ಪಿ: 2014ರ ಏಪ್ರಿಲ್ 8
- ವಿಂಡೋಸ್ 7: 2020ರ ಜನವರಿ 14
- ವಿಂಡೋಸ್ 8.1: 2023ರ ಜನವರಿ 10
- ವಿಂಡೋಸ್ 10: 2025ರ ಅಕ್ಟೋಬರ್ 14

ವಿಂಡೋಸ್ 10 ಇರುವವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಯೋಜನೆಯನ್ನು ಪ್ರಕಟಿಸಿತು. ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡವರಿಗೆ ಉಚಿತ, ಬೇಡವೆಂದವರಿಗೆ 30 ಡಾಲರ್ ಎಂದು ಗೊತ್ತುಮಾಡಲಾಗಿತ್ತು. ಇದು ತಾನಾಗಿ ಬರುವುದಿಲ್ಲ, ನೋಂದಾಯಿಸಿಕೊಳ್ಳಬೇಕು. ಆದ್ದರಿಂದ ವಿಂಡೋಸ್ ಅಪ್‌ಡೇಟ್ ಪುಟ ತೆರೆದು, ಕಡೆಯ ಅಪ್‌ಡೇಟ್ ಯಾವ ತಿಂಗಳಲ್ಲಿ ಬಂದಿದೆ ಎಂದು ನೋಡುವುದು ಒಳ್ಳೆಯದು.

ವಿಂಡೋಸ್ 10ರ ಡಿಫೆಂಡರ್‌ಗೆ 2028ರ ಅಕ್ಟೋಬರ್‌ವರೆಗೆ ಹೊಸ ವೈರಸ್ ಪಟ್ಟಿಗಳನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ನೋಡಿ "ಹಾಗಾದರೆ ಚಿಂತೆಯಿಲ್ಲ" ಎಂದು ಕೆಲವರು ನಿಶ್ಚಿಂತರಾಗಿದ್ದಾರೆ. ಇಲ್ಲೇ ಗೊಂದಲವಾಗುವುದು. ಆಂಟಿವೈರಸ್ ಮನೆಯ ಕಾವಲುಗಾರನಿದ್ದಂತೆ, ಭದ್ರತಾ ಅಪ್‌ಡೇಟ್ ಮನೆಯ ಗೋಡೆ ಬಾಗಿಲುಗಳ ರಿಪೇರಿ ಇದ್ದಂತೆ. ಗೋಡೆಯಲ್ಲಿ ತೂತು ಬಿದ್ದಿದ್ದರೆ ಬಾಗಿಲಲ್ಲಿ ಕಾವಲುಗಾರ ನಿಂತು ಏನು ಪ್ರಯೋಜನ?

2017ರ ಮೇ 12ರಂದು ಹರಡಿದ ವಾನಾಕ್ರೈ ಇದಕ್ಕೆ ಒಳ್ಳೆಯ ಉದಾಹರಣೆ. ವಿಂಡೋಸ್‌ನ ಕಡತ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ದೋಷದ ಮೂಲಕ ಅದು ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಸುಮಾರು 150 ದೇಶಗಳ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು, ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೇ ಏರುಪೇರಾಯಿತು. ಆ ದೋಷದ ರಿಪೇರಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಅದೇ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕಿಕೊಂಡವರು ಉಳಿದರು. ಅಪರಿಚಿತರ ಯಂತ್ರಗಳೆಲ್ಲ ಒಂದೇ ಜಾಲದಲ್ಲಿರುವ ಸಾರ್ವಜನಿಕ ವೈಫೈಗೆ ಬೆಂಬಲ ನಿಂತ ಯಂತ್ರವನ್ನು ಒಯ್ಯುವುದು ಏಕೆ ಬೇಡವೆಂದರೆ ಇದಕ್ಕೇ.

ಹಳೆಯ ಯಂತ್ರಕ್ಕೆ ಆಂಟಿವೈರಸ್ ಆರಿಸುವ ಬಗೆ

ಆಂಟಿವೈರಸ್ ತಂತ್ರಾಂಶ ನೀವು ತೆರೆಯುವ ಪ್ರತಿ ಕಡತವನ್ನೂ ಗೊತ್ತಿರುವ ವೈರಸ್‌ಗಳ ಪಟ್ಟಿಗೆ ಹೋಲಿಸಿ ನೋಡುತ್ತದೆ. ಚಾಲನೆಯಲ್ಲಿರುವ ತಂತ್ರಾಂಶಗಳ ವರ್ತನೆಯನ್ನೂ ಗಮನಿಸುತ್ತಿರುತ್ತದೆ. ಈ ಕೆಲಸಕ್ಕೆ ಮೆಮೊರಿ ಬೇಕು, ಹಾರ್ಡ್ ಡಿಸ್ಕ್ ಓಡಬೇಕು. 4 ಜಿಬಿ ರ‍್ಯಾಮ್, ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ ಇದರ ಭಾರ ಚೆನ್ನಾಗಿಯೇ ತಿಳಿಯುತ್ತದೆ. ಯಂತ್ರ ತೆವಳುತ್ತದೆಂದು ಬೇಸತ್ತು ಎಷ್ಟೋ ಜನ ಆಂಟಿವೈರಸ್ಸನ್ನೇ ಆರಿಸಿಬಿಡುತ್ತಾರೆ. ಹಾಗೆ ಮಾಡುವ ಬದಲು ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿಸಿದರೆ ಅದೇ ಲ್ಯಾಪ್‌ಟಾಪ್ ಲವಲವಿಕೆಯಿಂದ ಓಡುತ್ತದೆ.

ಇನ್ನು ಆಯ್ಕೆಯ ವಿಷಯಕ್ಕೆ ಬಂದರೆ, ಈ ಅಂಶಗಳು ನೆನಪಿರಲಿ:

1. ಒಂದೇ ಸಾಕು. ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತದೆ, ಯಂತ್ರ ಇನ್ನಷ್ಟು ನಿಧಾನವಾಗುತ್ತದೆ.

2. ಅವಧಿ ಮುಗಿದದ್ದನ್ನು ತೆಗೆದುಹಾಕಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕೊಂಡಾಗ ಜೊತೆಗೆ ಬಂದ ಪ್ರಾಯೋಗಿಕ ಆಂಟಿವೈರಸ್ ಎಂದೋ ಅವಧಿ ಮುಗಿದು ಹಾಗೆಯೇ ಕೂತಿರುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿ ಪುಟದಲ್ಲಿ ಡಿಫೆಂಡರ್ ಚಾಲನೆಯಲ್ಲಿದೆಯೇ ಎಂದು ನೋಡಿಕೊಳ್ಳಿ.

3. ಜಾಹೀರಾತನ್ನು ನಂಬದೆ ಪರೀಕ್ಷೆಯನ್ನು ನೋಡಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗಳು ಆಂಟಿವೈರಸ್‌ಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ಉಚಿತವಾಗಿ ಪ್ರಕಟಿಸುತ್ತವೆ. ಅದರಲ್ಲಿ ಯಂತ್ರದ ವೇಗದ ಮೇಲಾಗುವ ಪರಿಣಾಮಕ್ಕೆ ಬೇರೆ ಅಂಕ ಇರುತ್ತದೆ. ಹಳೆಯ ಲ್ಯಾಪ್‌ಟಾಪ್ ಇರುವವರು ಮೊದಲು ನೋಡಬೇಕಾದದ್ದು ಅದನ್ನೇ.

4. ಉಚಿತ ಎಂದಾಗ ಯಾತಕ್ಕೆ ಉಚಿತ ಎಂದು ಕೇಳಿ. ಅವಾಸ್ಟ್ ಕಂಪನಿ ಬಳಕೆದಾರರ ಜಾಲತಾಣ ಭೇಟಿಗಳ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2024ರಲ್ಲಿ ಅದು 1 ಕೋಟಿ 65 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಜಂಪ್‌ಶಾಟ್ 2020ರಲ್ಲೇ ಮುಚ್ಚಿತ್ತು.

5. ಅಮೆರಿಕದಲ್ಲಿರುವವರು ಕ್ಯಾಸ್ಪರ್‌ಸ್ಕಿ ಹಾಕಿದ ಯಂತ್ರವಿದ್ದರೆ ಗಮನಿಸಿ. 2024ರ ಜೂನ್‌ನಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಇಲ್ಲಿ ಅದರ ಮಾರಾಟವನ್ನು ನಿಷೇಧಿಸಿತು. ಅದೇ ವರ್ಷದ ಸೆಪ್ಟೆಂಬರ್ 29ರಿಂದ ಅಪ್‌ಡೇಟ್ ಕೊಡುವುದನ್ನೂ ತಡೆಯಿತು. ಅಪ್‌ಡೇಟ್ ಇಲ್ಲದ ಆಂಟಿವೈರಸ್ ಇದ್ದೂ ಇಲ್ಲದಂತೆ.

ಸಾರ್ವಜನಿಕ ವೈಫೈ: ಆಗಿನ ಭಯ, ಈಗಿನ ಭಯ

2010ರ ಅಕ್ಟೋಬರ್‌ನಲ್ಲಿ ಫೈರ್‌ಶೀಪ್ ಎಂಬ ಸಣ್ಣ ತಂತ್ರಾಂಶ ಬಂತು. ಕಾಫಿ ಅಂಗಡಿಯ ತೆರೆದ ವೈಫೈನಲ್ಲಿ ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಯೊಳಗೆ ಹೊಕ್ಕುವುದು ಎಷ್ಟು ಸುಲಭವೆಂದು ಅದು ಎಲ್ಲರಿಗೂ ತೋರಿಸಿತು. ಆಗ ಬಹಳಷ್ಟು ತಾಣಗಳು ಲಾಗಿನ್ ಪುಟವನ್ನು ಬಿಟ್ಟರೆ ಉಳಿದುದನ್ನು ಗೂಢಲಿಪಿಯಿಲ್ಲದೆ ಬಯಲಾಗಿ ಕಳಿಸುತ್ತಿದ್ದವು. ಈಗ ಬ್ಯಾಂಕು, ಈಮೇಲ್, ಪತ್ರಿಕೆ, ಬಹುತೇಕ ಎಲ್ಲವೂ ಎಚ್‌ಟಿಟಿಪಿಎಸ್‌ನಲ್ಲಿವೆ. ಆದ್ದರಿಂದ ವೈಫೈನಲ್ಲಿ ಕದ್ದು ಕೇಳುವವರ ಭಯ ಬಹಳ ಕಡಿಮೆಯಾಗಿದೆ. ಉಳಿದಿರುವ ಅಪಾಯಗಳು ಇವು:

ಹೆಸರಿನ ಮೋಸ. ಯಾರು ಬೇಕಾದರೂ ಲೈಬ್ರರಿಯ ಹೆಸರಿನಲ್ಲೇ ಒಂದು ವೈಫೈ ತೆರೆಯಬಹುದು. ಸರಿಯಾದ ಹೆಸರನ್ನು ಕೌಂಟರಿನಲ್ಲಿ ಕೇಳಿಕೊಳ್ಳಿ.

ನಕಲಿ ಅಪ್‌ಡೇಟ್. ಹೋಟೆಲ್ ಇಂಟರ್ನೆಟ್‌ಗೆ ಸೇರುವಾಗ "ಈ ತಂತ್ರಾಂಶ ಅಪ್‌ಡೇಟ್ ಮಾಡಿ" ಎಂಬ ಕಿಟಕಿ ತೆರೆದು ವೈರಸ್ ಹಾಕುತ್ತಿದ್ದಾರೆ ಎಂದು ಎಫ್‌ಬಿಐ 2012ರಲ್ಲೇ ಎಚ್ಚರಿಸಿತ್ತು. ವೈಫೈಗೆ ಸೇರಲು ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳಬೇಕಿಲ್ಲ. ಅಪ್‌ಡೇಟ್‌ಗಳನ್ನು ಹೊರಡುವ ಮುನ್ನ ಮನೆಯಲ್ಲೇ ಮಾಡಿಕೊಳ್ಳಿ.

ತೆರೆದಿಟ್ಟ ಕಡತ ಹಂಚಿಕೆ. ವೈಫೈಗೆ ಸೇರಿದಾಗ ಆ ಜಾಲವನ್ನು ಪಬ್ಲಿಕ್ ಎಂದು ಗುರುತಿಸಿ. ಆಗ ನಿಮ್ಮ ಯಂತ್ರ ಇತರರಿಗೆ ಕಾಣಿಸುವುದಿಲ್ಲ. ಫೈರ್‌ವಾಲ್ ಎಂದೂ ಆರಿಸಬೇಡಿ.

ಸರ್ಟಿಫಿಕೇಟ್ ಎಚ್ಚರಿಕೆ. ಬ್ಯಾಂಕಿನ ಪುಟ ತೆರೆದಾಗ "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಗಡಿಯಾರದ ಪುಟ್ಟ ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋಗಿರುವುದರಿಂದಲೂ ಈ ಎಚ್ಚರಿಕೆ ಬರುತ್ತದೆ. ತಾರೀಕು ಸರಿಮಾಡಿ ನೋಡಿ. ಆಮೇಲೂ ಬಂದರೆ ಮುಂದುವರಿಯಬೇಡಿ.

ವಿಪಿಎನ್ ಹಾಕಿಕೊಂಡರೆ ವೈಫೈ ಮಾಲೀಕನಿಗೆ ನಿಮ್ಮ ಓಡಾಟ ಕಾಣಿಸದು, ಆದರೆ ವಿಪಿಎನ್ ಕಂಪನಿಗೆ ಕಾಣಿಸುತ್ತದೆ. ಅದು ವೈರಸ್ ತಡೆಯುವ ಸಾಧನವೂ ಅಲ್ಲ. ಬ್ಯಾಂಕ್ ಕೆಲಸವಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಬಳಸುವುದೇ ಸರಳ ಉಪಾಯ.

ಆಂಟಿವೈರಸ್ ತಡೆಯಲಾಗದ ಮೋಸ

ಇಷ್ಟೆಲ್ಲ ಮಾಡಿದ ಮೇಲೂ ಹಿರಿಯರಿಗೆ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಪತ್ರಿಕೆ ಓದುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಕಿಟಕಿ ತೆರೆಯುತ್ತದೆ, ಕೀಂ ಎಂದು ಸದ್ದಾಗುತ್ತದೆ. "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ" ಎಂದು ಬರೆದಿರುತ್ತದೆ. ಫೋನ್ ಎತ್ತಿದವನು ಬಹಳ ವಿನಯದಿಂದ ಮಾತಾಡುತ್ತಾನೆ. ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವೊಂದನ್ನು ಹಾಕಿಸುತ್ತಾನೆ, ಆಮೇಲೆ ಬ್ಯಾಂಕ್ ಪುಟ ತೆರೆಯಲು ಹೇಳುತ್ತಾನೆ. ಬಾಗಿಲನ್ನು ನಾವೇ ತೆರೆದುಕೊಟ್ಟ ಮೇಲೆ ಯಾವ ಆಂಟಿವೈರಸ್ಸೂ ಏನೂ ಮಾಡಲಾರದು.

ನಿಜವಾದ ಮೈಕ್ರೋಸಾಫ್ಟ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆ ಕಿಟಕಿ ಮುಚ್ಚದಿದ್ದರೆ ಪವರ್ ಗುಂಡಿಯನ್ನು ಒತ್ತಿಹಿಡಿದು ಲ್ಯಾಪ್‌ಟಾಪ್ ಆರಿಸಿ, ಏನೂ ಹಾಳಾಗುವುದಿಲ್ಲ. "ಏನಾದರೂ ಹೀಗಾದರೆ ಆರಿಸಿಬಿಡಿ, ಸಂಜೆ ನಾನು ನೋಡುತ್ತೇನೆ" ಎಂದು ಮಕ್ಕಳು ಮೊದಲೇ ಹೇಳಿಟ್ಟಿದ್ದರೆ ಹಿರಿಯರು ಗಾಬರಿಯಾಗುವುದಿಲ್ಲ. ತಪ್ಪು ನಡೆದುಹೋಗಿದ್ದರೂ ಗದರಬೇಡಿ. ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟರೆ ಹಣ ಕೈಬಿಟ್ಟು ಹೋಗುತ್ತದೆ. ಕೂಡಲೇ ಬ್ಯಾಂಕಿಗೆ ತಿಳಿಸಿ, ಬೇರೆ ಯಂತ್ರದಿಂದ ಪಾಸ್‌ವರ್ಡ್ ಬದಲಿಸಿ. ಭಾರತದ ಖಾತೆಯಾಗಿದ್ದರೆ ಅಲ್ಲಿನ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಊರಿನಲ್ಲಿರುವ ಬಂಧುಗಳು 1930 ಸಹಾಯವಾಣಿಗೆ ಕರೆ ಮಾಡಬಹುದು.

ಬೆಂಬಲ ನಿಂತ ಲ್ಯಾಪ್‌ಟಾಪನ್ನು ಏನು ಮಾಡುವುದು?

ಎಸೆಯಬೇಕಿಲ್ಲ. ಲಿನಕ್ಸ್ ಮಿಂಟ್ ಹಾಕಿಸಿದರೆ ಉಚಿತವಾಗಿ ಭದ್ರತಾ ಅಪ್‌ಡೇಟ್ ಬರುತ್ತದೆ. ಪತ್ರಿಕೆ, ಈಮೇಲ್, ವೀಡಿಯೊ ಎಲ್ಲಕ್ಕೂ ಸಾಕು, ಕನ್ನಡವನ್ನೂ ಟೈಪ್ ಮಾಡಬಹುದು. 4 ಜಿಬಿ ರ‍್ಯಾಮ್ ಇದ್ದರೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ನೋಡಬಹುದು. ಹಳೆಯ ಬರಹ, ನುಡಿ ಕಡತಗಳಿಗಾಗಿಯೇ ಕೆಲವರು ವಿಂಡೋಸ್ 7 ಅಥವಾ ಎಕ್ಸ್‌ಪಿ ಯಂತ್ರವನ್ನು ಇಟ್ಟುಕೊಂಡಿದ್ದಾರೆ. ಅದರ ವೈಫೈ ಆರಿಸಿ, ಬರೆಯುವುದಕ್ಕಷ್ಟೇ ಬಳಸಿ. ಆ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಟ್ಟುಕೊಂಡರೆ ಹೊಸ ಯಂತ್ರದಲ್ಲೂ ಓದಬಹುದು.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮಗೆ ಗೊತ್ತೇ ಇದೆ. ಈ ಸಲ ಅಪ್ಪ ಅಮ್ಮ ಬರುವ ಮುಂಚಿನ ಒಂದು ಭಾನುವಾರ ಆ ಲ್ಯಾಪ್‌ಟಾಪನ್ನು ಕಪಾಟಿನಿಂದ ತೆಗೆಯಿರಿ. ವಿಂಡೋಸ್ ನೋಡಿ, ಅಪ್‌ಡೇಟ್ ಹಾಕಿ, ಹಳೆಯ ಆಂಟಿವೈರಸ್ ತೆಗೆಯಿರಿ, ತಾರೀಕು ಸರಿಮಾಡಿ. ಆಮೇಲೆ ಹಿರಿಯರು ನಿಶ್ಚಿಂತೆಯಿಂದ ಲೈಬ್ರರಿಗೆ ಹೋಗಿಬರಲಿ.